ಹಸಿರಾದ ಕೆಂಪು ಗುಡ್ಡ

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಗೆರೆ ಎಳೆಯುವಂತಿರಲಿಲ್ಲ. ಡೊಂಬಿವಲಿ ಸ್ಟೇಷನ್ನಿನಿಂದ ಸ್ವಲ್ಪ ದೂರದ ಚಾಳಿನಲ್ಲಿ ಎರಡು ಕೋಣೆಗಳ ಮನೆ ನಮ್ಮದು. ಒಳಗಿನ ಕೋಣೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳ ನೆಲ ಹಿಡಿದು ಹೊರಗಿನ ಕೋಣೆಗೆ ಬರುತ್ತಿತ್ತು. ಅಲ್ಲಿ ಮಂಚದ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದ ಅಪ್ಪನ ನಿಬ್ಬಿಗೂ ತಾಗುತ್ತಿತ್ತು. ಬಣ್ಣವನ್ನಾದರೆ ಕೈ ಅಲುಗಿದರೂ ಹೇಗೋ ಹಚ್ಚಬಹುದು. ಗೆರೆ ಹಾಗಲ್ಲ, ಒಮ್ಮೆ ಕಪ್ಪು ಶಾಯಿಯಲ್ಲಿ ಎಳೆದರೆ ಎಳೆದದ್ದೇ. ಹಾಗಾಗಿ ಭಾನುವಾರ ಬೆಳಿಗ್ಗೆ ಅಪ್ಪ ನಿಬ್ಬನ್ನು ಗಾಳಿಯಲ್ಲಿ ಹಿಡಿದುಕೊಂಡು, ಒಳಕೋಣೆಯ ಕಡೆ ಕಿವಿಗೊಟ್ಟು, ಸಪ್ಪಳ ನಿಲ್ಲುವುದನ್ನೇ ಕಾಯುತ್ತಿದ್ದ.

"ಇನ್ನ ಎಷ್ಟ ಅದಾವು?"

"ನಾಕೈದ ಅದಾವ್ರಿ. ನಿಮ್ಮ ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ, ತಡೀರಿ."

ಅಪ್ಪ ಬರೆಯುತ್ತಿದ್ದದ್ದು ಜಪಾನಿನ ಗುಡ್ಡಗಳನ್ನು, ಅಲೆಗಳನ್ನು, ಮಳೆಯಲ್ಲಿ ಸೇತುವೆ ದಾಟುವ ಜನರನ್ನು. ಅವನು ತುರ್ಭೆಯ ಕಡೆ ಒಂದು ಯಂತ್ರದ ಕಾರ್ಖಾನೆಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದ. ಠಾಣೆಯವರೆಗೆ ಲೋಕಲ್, ಅಲ್ಲಿಂದ ಮುಂದೆ ಕಂಪನಿಯ ಬಸ್ಸು. ಸಂಜೆ ಮನೆಗೆ ಬಂದಾಗ ಅವನ ಅಂಗಿಯಿಂದ ನೀಲಿ ನಕ್ಷೆಯ ಕಾಗದದ ಘಾಟು ವಾಸನೆ ಬರುತ್ತಿತ್ತು. ಯಾವುದೋ ಯಂತ್ರ ಕೂರಿಸಿಕೊಡಲು ಜಪಾನಿನಿಂದ ಇಬ್ಬರು ಇಂಜಿನಿಯರರು ಬಂದಿದ್ದರಂತೆ. ವಾಪಸು ಹೋಗುವಾಗ ಅವರು ತಮ್ಮ ಮೇಜಿನ ಹಿಂದೆ ತೂಗುಹಾಕಿಕೊಂಡಿದ್ದ ಕ್ಯಾಲೆಂಡರನ್ನು ಅಲ್ಲೇ ಬಿಟ್ಟುಹೋದರು. ವರ್ಷ ಮುಗಿದ ಕ್ಯಾಲೆಂಡರು ಯಾರಿಗೆ ಬೇಕು? ಅಪ್ಪ ಅದನ್ನು ಸುರುಳಿ ಸುತ್ತಿ, ಲೋಕಲ್ಲಿನ ಗರ್ದಿಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಮನೆಗೆ ತಂದ. ತಿಂಗಳಿಗೊಂದರಂತೆ ಹನ್ನೆರಡು ಚಿತ್ರ. ಅವು ಕುಂಚದಲ್ಲಿ ಬರೆದವಲ್ಲ, ಹಿಂದಿನ ಕಾಲದವರು ಮರದ ಹಲಗೆ ಕೊರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಮಾಡಿ, ಒಂದರ ಮೇಲೊಂದು ಒತ್ತಿ ಮಾಡಿದವು ಎಂದು ಆ ಇಂಜಿನಿಯರರಲ್ಲಿ ಒಬ್ಬರು ಕೈಸನ್ನೆಯಲ್ಲೇ ವಿವರಿಸಿದ್ದರಂತೆ. ಅಪ್ಪ ಅದೇ ಕೈಸನ್ನೆಯನ್ನು ನಮಗೂ ಮಾಡಿ ತೋರಿಸಿದ.

ಹಲಗೆ ಕೊರೆಯುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಆದರೆ ನಕಲು ತೆಗೆಯುವುದು ಅಪ್ಪನ ಹೊಟ್ಟೆಪಾಡಿನ ವಿದ್ಯೆ. ಕ್ಯಾಲೆಂಡರಿನ ಹಾಳೆಯ ಮೇಲೆ ಪಾರದರ್ಶಕ ಕಾಗದ ಹಾಸಿ ಚೌಕ ಚೌಕವಾಗಿ ಗುರುತು ಮಾಡಿಕೊಂಡು, ಅದನ್ನು ದಪ್ಪ ಹಾಳೆಯ ಮೇಲೆ ದೊಡ್ಡದಾಗಿ ಎಳೆದುಕೊಳ್ಳುತ್ತಿದ್ದ. ಪೆನ್ಸಿಲಿನ ಗೆರೆ ಸರಿಯಾದ ಮೇಲೆ ಶಾಯಿ, ಶಾಯಿ ಒಣಗಿದ ಮೇಲೆ ಬಣ್ಣ. ಆಕಾಶ ಮಾಡುವಾಗ ನಾನು ಪಕ್ಕದಲ್ಲೇ ಕೂರುತ್ತಿದ್ದೆ. ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲಿನ ಅಂಚಿಗೆ ಅಗಲ ಕುಂಚದಲ್ಲಿ ಕಡುನೀಲಿ ಹಚ್ಚಿ, ಉಸಿರು ಬಿಗಿಹಿಡಿದು ಕೆಳಕ್ಕೆ ಎಳೆದರೆ, ಮೇಲೆ ಸಂಜೆಗತ್ತಲಿನಂತಿದ್ದ ಬಣ್ಣ ಇಳಿಯುತ್ತ ಇಳಿಯುತ್ತ ತಿಳಿಯಾಗಿ ಗುಡ್ಡದ ನೆತ್ತಿಯ ಹತ್ತಿರ ಬರಿಯ ಹಾಳೆಯಾಗಿ ಉಳಿಯುತ್ತಿತ್ತು. ಆಮೇಲೆ ಅಪ್ಪ ಉಸಿರು ಬಿಡುವನು. ಅವನು ಮೊದಲು ಬರೆದವೆಲ್ಲ ನೀಲಿ ಚಿತ್ರಗಳೇ. ನೀಲಿ ಅಲೆ, ನೀಲಿ ಹೊಳೆಯ ಮೇಲೆ ದೋಣಿ, ಹಿಮ ಬಿದ್ದ ಊರು. ಅವು ಎಷ್ಟು ಚೆನ್ನಾಗಿ ಬಂದವೆಂದರೆ ಚಾಳಿನವರೆಲ್ಲ ಒಬ್ಬೊಬ್ಬರಾಗಿ ಬಂದು ಕೇಳಿಕೊಂಡು ಹೋದರು. ಗಣಪತಿಯ ಫೋಟೋದ ಪಕ್ಕ, ದೇವಿಯ ಕ್ಯಾಲೆಂಡರಿನ ಕೆಳಗೆ, ಆ ಊರಿನ ಹೆಸರೂ ಗೊತ್ತಿಲ್ಲದವರ ಗೋಡೆಗಳ ಮೇಲೆ ಜಪಾನಿನ ಸಮುದ್ರ ಬಂದು ನಿಂತಿತು.

ಅವ್ವನಿಗೆ ಇದರಲ್ಲಿ ಮೊದಮೊದಲು ಆಸಕ್ತಿ ಇರಲಿಲ್ಲ. ವಾರಕ್ಕೆ ಒಂದೇ ರಜೆ, ಆ ಒಂದು ದಿನವೂ ಮಂಚ ಹಲಗೆಯ ಪಾಲು. ಮಂಚದ ಕೆಳಗೆ ಗುಡಿಸುವಂತಿಲ್ಲ, ಬಾಗಿಲಿನ ಬೆಳಕಿಗೆ ಅಡ್ಡ ನಿಲ್ಲುವಂತಿಲ್ಲ. ಒಮ್ಮೆ ಅಪ್ಪ ಕುಂಚವನ್ನು ಚಹದ ಕಪ್ಪಿನಲ್ಲಿ ತೊಳೆದು, ಆ ಚಹವನ್ನೇ ಕುಡಿದೂ ಬಿಟ್ಟ. "ಇವತ್ತ ಹೊಟ್ಟ್ಯಾಗ ಸಮುದ್ರ ಇಳೀತು" ಎಂದು ಅವ್ವ ದಿನವೆಲ್ಲ ನಕ್ಕಳು. ಅವಳು ಗುಳೇದಗುಡ್ಡದವಳು. ತವರಿನಲ್ಲಿ ಕುಪ್ಪಸದ ಖಣ ನೇಯುವ ಮಗ್ಗಗಳಿದ್ದವು. ನೂಲಿಗೆ ಬಣ್ಣ ಹಾಕಿ ಒಣಹಾಕುವ ಅಂಗಳದಲ್ಲಿ ಬೆಳೆದವಳು, ನೂಲಿನ ಲಡಿಗಳನ್ನು ತಿಳಿಯಿಂದ ಕಡುಬಣ್ಣಕ್ಕೆ ಸಾಲಾಗಿ ಜೋಡಿಸಿಡುವುದು ಎಳವೆಯಲ್ಲಿ ಅವಳ ಕೆಲಸವಾಗಿತ್ತು. ಮದುವೆಯಲ್ಲಿ ತಂದ ಟ್ರಂಕಿನ ತಳದಲ್ಲಿ ಇನ್ನೂ ಹೊಲಿಸದ ಖಣಗಳಿದ್ದವು. ಮಳೆಗಾಲ ಕಳೆದ ಮೇಲೆ ಅವನ್ನು ಬಿಸಿಲಿಗೆ ಹಾಕಿ, ಮಡಚಿ, ಮತ್ತೆ ಒಳಗಿಡುತ್ತಿದ್ದಳು. ಅಪ್ಪನ ಚಿತ್ರಗಳನ್ನು ಅವಳು ಹೊಗಳಿದ್ದು ಒಂದೇ ಸಲ.

"ಇದು ಖಣದಂಗನ ಐತಿ ನೋಡ್ರಿ. ಬಣ್ಣದ ಬಾಜೂಕ ಬಣ್ಣ, ನಡುವ ಗೆರಿ. ನೆರಳಿಲ್ಲ, ಮರಿಯಿಲ್ಲ."

ಪಕ್ಕದ ಮನೆಯವರು ಕುಂದಾಪುರದ ಕಡೆಯ ಶೆಟ್ಟರು. ಶೆಟ್ಟರು ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಹೆಂಡತಿ ಜಲಜಕ್ಕ ನನಗೆ ಎರಡನೆಯ ತಾಯಿ. ನಮ್ಮ ಮನೆಯ ನೀಲಿ ಅಲೆ ಅವರ ಗೋಡೆಯ ಮೇಲೂ ಇತ್ತು. ಶೆಟ್ಟರ ಧಣಿಗಳು ಠಾಣೆ ಸ್ಟೇಷನ್ನಿನ ಹತ್ತಿರ ಹೊಸ ಹೋಟೆಲು ಕಟ್ಟಿಸುತ್ತಿದ್ದರು, ಮೇಲಿನ ಮಹಡಿಯಲ್ಲಿ ಫ್ಯಾಮಿಲಿ ರೂಮು. ಒಮ್ಮೆ ಶೆಟ್ಟರ ಮನೆಗೆ ಊಟಕ್ಕೆ ಬಂದ ಆ ಧಣಿಗಳು ಗೋಡೆಯ ಅಲೆಯನ್ನು ಕಂಡು, ಇದನ್ನು ಬರೆದವರು ಯಾರು ಎಂದು ಕೇಳಿದರಂತೆ. ಮರುದಿನ ಶೆಟ್ಟರು ಮನೆಗಳ ಮುಂದಿನ ಗ್ಯಾಲರಿಯಲ್ಲಿ ಅಪ್ಪನನ್ನು ತಡೆದು ನಿಲ್ಲಿಸಿದರು.

"ಹಾದಿಮನಿಯವರೇ, ನಮ್ಮ ಧಣಿಗಳಿಗೆ ನಾಲ್ಕು ಚಿತ್ರ ಬೇಕಂತೆ, ದೊಡ್ಡದು. ಆದ್ರೆ ಬರೀ ನೀಲಿ ಬೇಡ ಅಂದ್ರು ಮಾರಾಯ್ರೆ. ಊಟದ ಜಾಗ ಅಲ್ವಾ? ಆ ಕೆಂಪು ಗುಡ್ಡ ಉಂಟಲ್ಲ ನಿಮ್ಮ ಕ್ಯಾಲೆಂಡರಲ್ಲಿ, ನಾನು ಅದರ ಸುದ್ದಿ ಹೇಳಿದೆ, ಅದು ಆಗ್ಬೇಕಂತೆ ಮೊದಲು."

ಕ್ಯಾಲೆಂಡರಿನಲ್ಲಿ ಅಪ್ಪ ಇನ್ನೂ ಮುಟ್ಟದಿದ್ದ ಹಾಳೆ ಅದು. ಎತ್ತರದ ಒಂದೇ ಗುಡ್ಡ, ಬೆಳಗಿನ ಬಿಸಿಲಿಗೆ ಮೈಯೆಲ್ಲ ಕೆಂಪು, ಬುಡದಲ್ಲಿ ದಟ್ಟ ಹಸಿರಿನ ಕಾಡು. ಅಪ್ಪ ತಕ್ಷಣ ಹೂಂ ಅನ್ನಲಿಲ್ಲ. ನೋಡೋಣ ಎಂದ. ಒಳಗೆ ಬಂದು ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕೂತ. ಆದರೆ ಅಷ್ಟು ದೊಡ್ಡ ಗೋಡೆಯ ಮೇಲೆ, ಅಷ್ಟು ಜನ ನೋಡುವ ಜಾಗದಲ್ಲಿ ತನ್ನ ಚಿತ್ರ ಎನ್ನುವ ಆಸೆ ಅವನನ್ನು ಬಿಡಲಿಲ್ಲ. ದಸರೆ ಮುಗಿದ ಮೇಲೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡ.

ದಸರೆಯ ಮುಂದೆ ಅವ್ವ ಮನೆಯಲ್ಲಿ ಇರುವುದನ್ನೆಲ್ಲ ತೊಳೆಯುತ್ತಿದ್ದಳು. ಹಾಸಿಗೆ, ಕೌದಿ, ಡಬ್ಬಿ, ಗೋಡೆ, ನಾನು. ಆ ವರ್ಷ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಅಪ್ಪನಿಗೆ ಹೇಳದೆ ಒಂದು ಕೆಲಸ ಮಾಡಿದಳು. ಕಾರ್ಖಾನೆಯವರು ಯಂತ್ರಕ್ಕೆ ಪೂಜೆ ಮಾಡುವುದಾದರೆ ಮನೆಯ ಆಯುಧಕ್ಕೆ ಯಾಕೆ ಮಾಡಬಾರದು ಎಂದು ಅಪ್ಪನ ನಿಬ್ಬು, ಸ್ಕೇಲು, ಕುಂಚ, ಬಣ್ಣದ ತಗಡಿನ ಪೆಟ್ಟಿಗೆ ಎಲ್ಲವನ್ನೂ ದೇವರ ಮುಂದೆ ಇಟ್ಟಳು. ಪೆಟ್ಟಿಗೆಯೊಳಗಿನ ಬಣ್ಣದ ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು, ಮೆತ್ತಿಕೊಂಡಿದ್ದ ಕೊಳೆ ಒರೆಸಿ, ತವರಿನಲ್ಲಿ ಲಡಿ ಜೋಡಿಸುತ್ತಿದ್ದಂತೆ ತಿಳಿಯಿಂದ ಕಡುಬಣ್ಣಕ್ಕೆ ಚೆಂದಗೆ ಜೋಡಿಸಿದಳು. ಮೇಲೆ ಅರಿಶಿನ, ಕುಂಕುಮ, ಒಂದು ಚೆಂಡುಹೂ. ಅಪ್ಪ ಸಂಜೆ ಬಂದು ನೋಡಿದಾಗ ಪೆಟ್ಟಿಗೆಯ ಮುಚ್ಚಳ ಹಾಕಿತ್ತು. ಅವನ ಕಣ್ಣು ತುಂಬಿಬಂದದ್ದು ನನಗೆ ಕಾಣಿಸಿತು. ಮರುದಿನ ಬನ್ನಿ ಕೊಡುವಾಗ ಅವ್ವನ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ.

ಮುಂದಿನ ಭಾನುವಾರ ಗೆರೆ ಮುಗಿಯಿತು, ಅದರ ಮರುವಾರ ಬಣ್ಣ. ಅವ್ವ ಒಳಗೆ ಹಪ್ಪಳದ ಹಿಟ್ಟು ನಾದುತ್ತಿದ್ದಳು, ನಾನು ಜಲಜಕ್ಕನ ಮನೆಯಲ್ಲಿದ್ದೆ. ಸಂಜೆಯ ಹೊತ್ತಿಗೆ ಶೆಟ್ಟರು ಧಣಿಗಳನ್ನೇ ಕರೆದುಕೊಂಡು ಬಂದರು. ಬಿಳಿ ಪಂಚೆ, ಬಿಳಿ ಅಂಗಿಯ ದೊಡ್ಡ ದೇಹದ ಮನುಷ್ಯ, ನಮ್ಮ ಹೊರಕೋಣೆ ಅವರೊಬ್ಬರಿಂದಲೇ ತುಂಬಿಹೋಯಿತು. ಅವರ ಹಿಂದೆಯೇ ಜಲಜಕ್ಕನೂ ನಾನೂ ನುಗ್ಗಿದೆವು. ಅಪ್ಪ ಉತ್ಸಾಹದಿಂದ ಹಲಗೆಯನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ ಹಿಡಿದ. ಗೆರೆಗಳು ಕೂದಲಿನಷ್ಟು ತೆಳ್ಳಗೆ, ತಪ್ಪಿಲ್ಲದೆ ಇದ್ದವು. ಆಕಾಶದ ನೀಲಿ ಜೀವ ತುಂಬಿಕೊಂಡಿತ್ತು. ಆದರೆ ಗುಡ್ಡ ಬುಡದಿಂದ ನೆತ್ತಿಯವರೆಗೂ ಪಾಚಿ ಕಟ್ಟಿದಂತೆ ಹಸಿರಾಗಿತ್ತು. ಅದರ ಕೆಳಗಿನ ಕಾಡಿನ ಪ್ರತಿ ಮರವೂ ಇಟ್ಟಿಗೆಯ ಕೆಂಪು.

ಶೆಟ್ಟರು ಮೊದಲು ನಕ್ಕರು. ಕೆಟ್ಟ ನಗುವಲ್ಲ, ತಮಾಷೆ ಎಂದುಕೊಂಡ ನಗು.

"ಇದೆಂತದ್ದು ಹಾದಿಮನಿಯವರೇ, ಉಲ್ಟಾ! ಗುಡ್ಡ ಹಸಿರು, ಮರ ಕೆಂಪು?"

ಅಪ್ಪ ಚಿತ್ರವನ್ನು ನೋಡಿದ, ಶೆಟ್ಟರನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಅವನ ಮುಖದ ಮೇಲಿನ ಹಿಗ್ಗು ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದವನಂತೆ. "ಇದು... ಇನ್ನೂ ಮೊದಲನೇ ಕೈ ಅಷ್ಟ. ಇದರ ಮ್ಯಾಲ ಇನ್ನೊಂದ ಹೊಡೀಬೇಕು" ಎಂದ. ಧಣಿಗಳು ದೊಡ್ಡ ಮನಸ್ಸಿನವರು, ನಿಧಾನ ಮಾಡಿ, ಅವಸರ ಇಲ್ಲ ಎಂದು ಚಹ ಕುಡಿದು ಎದ್ದುಹೋದರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಮರೆಯಾಗುವವರೆಗೂ ಅಪ್ಪ ನಿಂತೇ ಇದ್ದ. ಆಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೋಡಿ ಕೂಗಿದ.

"ನನ್ನ ಪೆಟಗಿ ಯಾರ ಮುಟ್ಟ್ಯಾರ?"

"ನಾನ ಮುಟ್ಟೀನ್ರಿ. ಪೂಜಿಗೆ ಇಡೂ ಮುಂದ ಒರಸಿ ಇಟ್ಟೀನಿ. ಯಾಕ, ಏನಾತು?"

"ಬಿಲ್ಲಿ ಎಲ್ಲಾ ಅದಲ ಬದಲ ಮಾಡೀಯಲ್ಲ! ನಿನಗ್ಯಾರ ಹೇಳಿದ್ರು ಮುಟ್ಟಂತ?"

"ಅದಲ ಬದಲ ಆದ್ರ ಆಗವಲ್ದ್ಯಾಕ? ಬಿಲ್ಲಿ ಬಣ್ಣ ಬದಲ ಆಗಿಲ್ಲಲ್ಲ. ಕಣ್ಣ ಇಲ್ಲೇನ್ರಿ ನಿಮಗ?"

ಹೊರಗೆ ಯಾರ ಮನೆಯಲ್ಲೋ ರೇಡಿಯೋ ನಡೆಯುತ್ತಿತ್ತು. ಅಪ್ಪನಿಗೆ ಸಿಟ್ಟು ಬಂದರೆ ಮಾತು ಹೆಚ್ಚಾಗುತ್ತಿತ್ತು, ಅವತ್ತು ಪೆಟ್ಟಿಗೆಯ ಮುಚ್ಚಳ ಹಾಕಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಕತ್ತಲಾದ ಮೇಲೆ ಬಂದು ಉಂಡು ಮಲಗಿದ. ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು. ಎರಡು ಹೆಜ್ಜೆಯ ದೂರದಲ್ಲಿ ಕೂತು, "ಸುಮಿ, ಸಾರ ಹಾಕಸಗೋ ಅನ್ನು ನಿಮ್ಮಪ್ಪಗ" ಎನ್ನುತ್ತಿದ್ದಳು ಅವ್ವ. "ಸಾಕ ಅನ್ನು" ಎನ್ನುತ್ತಿದ್ದ ಅಪ್ಪ. ಹಲಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅವ್ವನಿಗೂ ಸಂಕಟವೇ. ಇಷ್ಟು ದಿನ ಮುಟ್ಟದ ಪೆಟ್ಟಿಗೆಯನ್ನು ಪ್ರೀತಿಯಿಂದ ಮುಟ್ಟಿದ್ದಕ್ಕೆ ಇಂಥ ಮಾತು ಕೇಳಬೇಕಾಯಿತಲ್ಲ ಎಂದು ಜಲಜಕ್ಕನ ಹತ್ತಿರ ಅತ್ತದ್ದನ್ನು ನಾನು ನೋಡಿದೆ.

ಆ ವಾರದ ನಡುವೆ ಯಾವುದೋ ರಜೆ ಬಂತು. ಬೆಳಿಗ್ಗೆ ಅವ್ವ ರೊಟ್ಟಿಗೆ ಕೂತಿದ್ದಳು. ಅಪ್ಪ ಪೆಟ್ಟಿಗೆ ತೆಗೆದಿಟ್ಟುಕೊಂಡು ನನ್ನನ್ನು ಮೆಲ್ಲಗೆ ಕರೆದ.

"ಸುಮಿ, ಬಾ ಇಲ್ಲಿ. ಸಾಲ್ಯಾಗ ಬಣ್ಣದ ಹೆಸರ ಕಲಿಸ್ಯಾರಿಲ್ಲ? ಇದು ಯಾವುದು, ಹೇಳ ನೋಡೂಣು."

ನನ್ನ ಶಾಲೆ ಮರಾಠಿಯದು. "ಹಿರವಾ" ಎಂದೆ.

"ಕನ್ನಡದಾಗ ಹೇಳವಾ."

"ಹಸರು."

"ಶಾಣ್ಯಾಕಿ. ಇದು?"

"ಕೆಂಪು. ಇದು ಕಂದು. ಇದೂ ಹಸರು, ಆದ್ರ ಬ್ಯಾರೆ ಹಸರು."

ನಾನು ಹೆಸರು ಹೇಳಿದಂತೆಲ್ಲ ಅಪ್ಪ ಆ ಬಿಲ್ಲೆಯನ್ನು ಪೆಟ್ಟಿಗೆಯ ಒಂದೊಂದು ಕುಳಿಯಲ್ಲಿ ಒತ್ತಿ ಕೂರಿಸುತ್ತ ಹೋದ. ಈ ಆಟ ನನಗೆ ಹೊಸದಲ್ಲ. ಕಾಯಿಪಲ್ಲೆ ತರಲು ಹೋದಾಗಲೂ ಯಾವ ಟೊಮೇಟೊ ಹಣ್ಣಾಗಿದೆ ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಜಾಣೆಯೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಾನೆ ಎಂದುಕೊಂಡು ಹೆಮ್ಮೆಪಡುತ್ತಿದ್ದೆ. ಆದರೆ ಅವತ್ತು ಬೇಸರ ಬಂತು. "ಅಪ್ಪಾ, ಇದು ಬಾಲವಾಡಿ ಹುಡುಗರಿಗೆ ಕೇಳೂದು, ನನಗ ಎಲ್ಲಾ ಬರತೈತಿ" ಎಂದೆ. "ಇದೊಂದ ಹೇಳು, ಇದೊಂದ" ಎಂದು ಇನ್ನೊಂದು ಬಿಲ್ಲೆ ಹಿಡಿದ. ಆಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಇರಲಿಲ್ಲ. ತಲೆಯೆತ್ತಿ ನೋಡಿದರೆ ಅವ್ವ ಒಳಕೋಣೆಯ ಬಾಗಿಲಲ್ಲಿ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಿದ್ದಳು. ಅಪ್ಪ ಬೆನ್ನು ಹಾಕಿ ಕೂತಿದ್ದರಿಂದ ಅವಳನ್ನು ನೋಡಲಿಲ್ಲ. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಅಪ್ಪನ ಬೆರಳಿನ ತುದಿಯ ಆ ಪುಟ್ಟ ಕೆಂಪು ಬಿಲ್ಲೆಯ ಮೇಲಿತ್ತು. ಹೆಂಚಿನ ಮೇಲೆ ರೊಟ್ಟಿ ಹೊತ್ತಿದ ವಾಸನೆ ಬಂದ ಮೇಲೆಯೇ ಅವಳು ಒಳಗೆ ಹೋದದ್ದು. ಆ ಹೊತ್ತಿದ ರೊಟ್ಟಿಯನ್ನು ತಾನೇ ತಿಂದಳು.

ಭಾನುವಾರ ಬಂತು. ಅವ್ವ ನಮಗಿಂತ ಬೇಗ ಎದ್ದು ರೊಟ್ಟಿ, ಪಲ್ಲೆ ಎಲ್ಲ ಮುಗಿಸಿ, ಮಿಂದು, ಟ್ರಂಕಿನಿಂದ ಖಣಗಳ ಗಂಟು ತೆಗೆದುಕೊಂಡು ಹೊರಕೋಣೆಗೆ ಬಂದಳು. ಗೋಡೆಗೆ ಆನಿಸಿದ್ದ ಹಲಗೆಯನ್ನು ತಾನೇ ಎತ್ತಿ ಮಂಚದ ಮೇಲಿಟ್ಟು ಅಪ್ಪನ ಎದುರು ಕೂತಳು. ಅಷ್ಟು ದಿನದ ಮೇಲೆ ನೇರವಾಗಿ ಮಾತಾಡಿದಳು.

"ಹೊಸಾ ಹಾಳಿ ತಗೀರಿ. ಗೆರಿ ನೀವ ಎಳೀರಿ, ಬಣ್ಣ ನಾ ಹೇಳತೀನಿ."

"ಏನ ಬ್ಯಾಡ. ನಾ ಬರಿಯೂದಿಲ್ಲ ಅಂತ ಶೆಟ್ಟರಿಗೆ ಹೇಳಿಬಿಡತೀನಿ."

"ನಿಮಗ ಕೆಂಪು, ಹಸರು ಎರಡೂ ಒಂದ ಕಾಣತಾವು. ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಅಪ್ಪ ನಿಬ್ಬನ್ನು ತೆಗೆದುಕೊಂಡು ಬಟ್ಟೆಯಿಂದ ಒರೆಸತೊಡಗಿದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ಕಲ್ಯಾಣದ ಕಡೆಗೆ ಒಂದು ಲೋಕಲ್ ಹೋಯಿತು. ಅದರ ಸದ್ದು ಮುಗಿದ ಮೇಲೆ, ನೆಲ ನೋಡುತ್ತ, "ಹೌದು" ಎಂದ.

"ಯಾವಾಗಿಂದ?"

"ಹುಟ್ಟಿದಾಗಿಂದ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀವು ಬಣ್ಣದ ಮಂದಿ. ನನ್ನ ನೋಡಾಕ ಬಂದಾಗ ನಿಮ್ಮಪ್ಪನ ಉಗರಾಗ ಬಣ್ಣ ಇತ್ತು. ಬಣ್ಣಾ ಕಾಣದಾಂವಗ ಮಗಳ್ನ ಕೊಡತಿದ್ರೇನು?"

"ಕೊಡತಿದ್ರೋ ಬಿಡತಿದ್ರೋ. ಲಗ್ನ ಆದಮ್ಯಾಲರೆ ಹೇಳಬಾರದಿತ್ತೇನ್ರಿ?"

"ಆಮ್ಯಾಲ ಹೇಳೂದು ಇನ್ನೂ ಕಷ್ಟ ಆತು."

ಆಮೇಲೆ ಒಂದೊಂದಾಗಿ ಹೇಳಿದ. ಊರು ಬಿಟ್ಟು ಅವನು ಬಂದದ್ದು ರೈಲ್ವೆಯ ಕೆಲಸಕ್ಕೆ. ಬರೆಯುವ ಪರೀಕ್ಷೆ ಪಾಸಾಗಿ, ಓಡುವ ಪರೀಕ್ಷೆ ಪಾಸಾಗಿ, ಕಡೆಗೆ ಕಣ್ಣಿನ ಡಾಕ್ಟರ ಮುಂದೆ ನಿಂತಿದ್ದ. ಅವರು ಬಣ್ಣಬಣ್ಣದ ಚುಕ್ಕೆಗಳ ಒಂದು ಪುಸ್ತಕ ತೆರೆದು ಅದರೊಳಗಿನ ಅಂಕಿ ಓದು ಎಂದರಂತೆ. "ಎಲ್ಲಾರಿಗೂ ಎಂಟ ಕಾಣತಿತ್ತು, ನನಗ ಮೂರ ಕಾಣತಿತ್ತು. ಮುಂದಿನ ಹಾಳ್ಯಾಗ ಬರೇ ಚುಕ್ಕಿ." ಊರಿಗೆ ರೈಲ್ವೆಯ ಕೆಲಸ ಹಿಡಿಸಲಿಲ್ಲ ಎಂದು ಬರೆದು ಹಾಕಿ, ನಕ್ಷೆಯ ಕೆಲಸ ಹುಡುಕಿಕೊಂಡ. ಅಲ್ಲಿ ಇರುವುದು ಬಿಳಿ, ನೀಲಿ ಎರಡೇ. ನೀಲಿಯೊಂದು ತನಗೆ ಎಲ್ಲರಿಗೆ ಕಂಡಂತೆಯೇ ಕಾಣುತ್ತದೆ ಎಂದು ಹೇಳಿ ಪೆಟ್ಟಿಗೆಯ ನೀಲಿ ಬಿಲ್ಲೆಯ ಮೇಲೆ ಬೆರಳಿಟ್ಟ. ಉಳಿದ ಬಿಲ್ಲೆಗಳನ್ನು ಅವನು ಗುರುತಿಸುತ್ತಿದ್ದದ್ದು ಪೆಟ್ಟಿಗೆಯಲ್ಲಿ ಅವು ಇದ್ದ ಜಾಗದಿಂದ. ಆ ಚುಕ್ಕೆಗಳ ಪುಸ್ತಕವನ್ನು ಮಾಡಿದವರೂ ಒಬ್ಬ ಜಪಾನಿ ಡಾಕ್ಟರೇ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಹೇಳಿದಾಗ ಅಪ್ಪ ನಕ್ಕುಬಿಟ್ಟ. "ಒಂದ ಕೈಲೆ ಕಸಗೊಂಡ್ರು, ಒಂದ ಕೈಲೆ ಕೊಟ್ರು, ಬಿಡು."

ಅವ್ವ ಎಲ್ಲವನ್ನೂ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಇದ್ದಕ್ಕಿದ್ದಂತೆ ನಗತೊಡಗಿದಳು.

"ಹಂಗಂದ್ರ ಆ ದೀಪಾವಳಿ ಸೀರಿ..."

"ಯಾವ ಸೀರಿ?"

"ಏನಿಲ್ಲ ಬಿಡ್ರಿ."

ಅಪ್ಪನಿಗೆ ಅದನ್ನು ಅವಳು ಕಡೆಯವರೆಗೂ ಹೇಳಲಿಲ್ಲ, ನನಗೆ ಹೇಳಿದಳು. ಮದುವೆಯಾದ ಮೊದಲ ದೀಪಾವಳಿಗೆ ಅಪ್ಪ, ನಿನಗೆ ಹಸಿರು ಒಪ್ಪುತ್ತದೆ ಎಂದು ದಾದರಿನಿಂದ ಒಂದು ಸೀರೆ ತಂದಿದ್ದ. ಕಂದು ಬಣ್ಣದ್ದು. ಮುಂಬೈಯಲ್ಲಿ ಇದಕ್ಕೇ ಹಸಿರು ಅನ್ನುತ್ತಾರೇನೋ ಎಂದು ಹೊಸ ಮದುವಣಗಿತ್ತಿ ಸುಮ್ಮನಾಗಿದ್ದಳು. ಅದು ಹರಿಯುವವರೆಗೂ ಉಟ್ಟಳು. ಉಟ್ಟಾಗಲೆಲ್ಲ ಅಪ್ಪ, ಹಸರಾಗ ಎಷ್ಟು ಚೆಂದ ಕಾಣತಿ ಎಂದು ಹೇಳುತ್ತಿದ್ದನಂತೆ.

ಅಂದಿನಿಂದ ಹಲಗೆಯ ಎರಡೂ ಬದಿಗೆ ಇಬ್ಬರು. ಅವ್ವ ಖಣಗಳನ್ನು ಮಂಚದ ಮೇಲೆ ಹರಡಿಕೊಂಡು, ಕ್ಯಾಲೆಂಡರಿನ ಹಾಳೆಯ ಬಣ್ಣಕ್ಕೆ ಯಾವ ಖಣ ಹತ್ತಿರ ಎಂದು ಹುಡುಕಿ, ಚಹದ ಬಶಿಗಳಲ್ಲಿ ಬಣ್ಣ ಕಲಸಿ ಕೊಡುತ್ತಿದ್ದಳು. "ಗುಡ್ಡದ ಕೆಂಪು ಕುಂಕುಮ ಅಲ್ರಿ, ಸುಟ್ಟ ಇಟ್ಟಂಗಿ. ಮ್ಯಾಲ ಹೋಗಕೋಂತ ಕಪ್ಪಿಗೆ ತಿರಗತೈತಿ." ಕಾಡಿಗೆ ಒಂದೇ ಹಸಿರು ಸಾಲದು ಎಂದು, ಗಿಣಿಯದು ಒಂದು, ಹಸಿ ಹುಣಸೆಯದು ಒಂದು, ಪಾಚಿ ಹಿಡಿದ ಬಾವಿಗಲ್ಲಿನದು ಒಂದು ಎಂದು ಮೂರು ಬಶಿ ಮಾಡಿದಳು. ಕುಂಚ ಅಪ್ಪನ ಕೈಯಲ್ಲೇ. ಎಲ್ಲಿ ತೆಳುವಾಗಬೇಕು, ಎಲ್ಲಿ ದಟ್ಟವಾಗಬೇಕು ಎಂಬುದನ್ನು ಅವನ ಬೆರಳೇ ಬಲ್ಲದು. ಆದರೆ ಬಣ್ಣದ ಸತ್ಯಕ್ಕೆ ಅವನು ಅವಳ ಮುಖವನ್ನೇ ನೋಡಬೇಕು. ಹಾಗೆ ನೋಡಲು ಅವನಿಗೆ ಮೊದಮೊದಲು ಬಹಳ ಕಷ್ಟವಾಗುತ್ತಿತ್ತು. ಪ್ರತಿ ಸಲ ಕುಂಚ ಅದ್ದುವಾಗ ಇದೇನಾ ಎನ್ನುವಂತೆ ಹುಬ್ಬೆತ್ತುವನು, ಅವಳು ತಲೆಯಾಡಿಸುವಳು. ಒಮ್ಮೆ ಅವ್ವ ಕಾಡನ್ನು ಇನ್ನೂ ಸ್ವಲ್ಪ ಹೊಳೆಯುವ ಹಾಗೆ ಮಾಡೋಣ ಎಂದಾಗ ಅಪ್ಪ ರೇಗಿದ.

"ಮೂಲ ಚಿತ್ರದಾಗ ಹೆಂಗ ಐತಿ ಹಂಗ ಆಗಬೇಕು. ನಿನ್ನ ಮನಸಿಗೆ ಬಂದಂಗಲ್ಲ."

"ಹೆಂಗ ಐತಿ ಅಂತ ನಿಮಗ ಹೆಂಗ ಗೊತ್ತು?"

ಅವ್ವನ ಬಾಯಿಂದ ಮಾತು ಬಂದುಬಿಟ್ಟಿತ್ತು. ಅವಳು ನಾಲಗೆ ಕಚ್ಚಿಕೊಂಡಳು. ನಾನು ಅಪ್ಪನ ಮುಖ ನೋಡಿದೆ. ಅವನ ತುಟಿಯ ಮೂಲೆ ಮೊದಲು ಅಲುಗಿತು, ಆಮೇಲೆ ಹೆಗಲು, ಆಮೇಲೆ ಹಲಗೆಯ ಮೇಲಿನ ಬಶಿಗಳೂ ಅಲುಗುವಂತೆ ನಕ್ಕ. ಅಷ್ಟು ವರ್ಷ ಒಬ್ಬನೇ ಹೊತ್ತುಕೊಂಡು ತಿರುಗಿದ್ದ ಸಂಗತಿ ಅವತ್ತು ಮನೆಯ ನಗೆಮಾತಾಯಿತು. ಇಬ್ಬರಿಗೂ ನ್ಯಾಯ ಮಾಡಿದಂತೆ ಆ ಕಾಡು ಅವ್ವ ಹೇಳಿದ್ದಕ್ಕಿಂತ ಒಂದಿಷ್ಟು ಕಡಿಮೆ, ಅಪ್ಪ ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊಳೆಯಿತು. ಅವರಿಬ್ಬರ ನಡುವೆ ಕೂತು ಬಶಿ ತೊಳೆಯುತ್ತಿದ್ದ ನನಗೆ ಒಂದು ಚಾಳಿ ಅಂಟಿಕೊಂಡಿತು. ಶಾಲೆಯಲ್ಲಿ ಯಾರು ಏನು ತೋರಿಸಿದರೂ, ನಿನಗೆ ಇದು ಹೇಗೆ ಕಾಣುತ್ತದೆ ಎಂದು ಮೊದಲು ಕೇಳುತ್ತಿದ್ದೆ. ಬಾಯಿಯವರು, ಅಂದರೆ ನಮ್ಮ ಟೀಚರು, ಇವಳಿಗೆ ನೇರ ಉತ್ತರವೇ ಬರುವುದಿಲ್ಲ ಎಂದು ಅವ್ವನ ಹತ್ತಿರ ದೂರಿದರು. ಆ ಚಾಳಿ ಈಗಲೂ ಬಿಟ್ಟಿಲ್ಲ.

ನಾಲ್ಕು ಚಿತ್ರಗಳೂ ಮುಗಿದು, ಕಟ್ಟು ಹಾಕಿಸಿ ಠಾಣೆಗೆ ಹೋದವು. ಹೋಟೆಲು ಶುರುವಾಗುವ ಮೊದಲು ಧಣಿಗಳು ನಮ್ಮನ್ನೂ ಶೆಟ್ಟರ ಮನೆಯವರನ್ನೂ ಊಟಕ್ಕೆ ಕರೆದರು. ಮೇಲಿನ ಮಹಡಿಯಲ್ಲಿ ಇನ್ನೂ ಸಿಮೆಂಟಿನ ವಾಸನೆ. ಗೋಡೆಗಳಿಗೆ ಬಣ್ಣ ಬಳಿದಿರಲಿಲ್ಲ, ಚಿತ್ರಗಳನ್ನು ಮಾತ್ರ ಹೇಗೆ ಕಾಣುತ್ತವೆಂದು ತೂಗುಹಾಕಿ ನೋಡಿದ್ದರು. ಕೆಂಪು ಗುಡ್ಡ ನಡುವೆ ಇತ್ತು. ಧಣಿಗಳು ಅದರ ಮುಂದೆ ಕೈ ಹಿಂದೆ ಕಟ್ಟಿ ನಿಂತರು.

"ಆ ಕೆಂಪು ನೋಡಿ ಶೆಟ್ರೆ! ಎಲ್ಲಿ ಕಲ್ತದ್ದು ಹಾದಿಮನಿಯವರೇ ಇಂಥ ಬಣ್ಣ? ಬೆಳಗಾದ ಹಾಗೆ ಉಂಟು ಮಾರಾಯ್ರೆ."

"ಆವತ್ತು ನಾನು ಹೆದರಿಹೋಗಿದ್ದೆ" ಎಂದು ಶೆಟ್ಟರು ನಕ್ಕರು. "ಅದರ ಮೇಲೆ ಇನ್ನೊಂದು ಕೈ ಹೊಡೆದದ್ದು ಒಳ್ಳೇದಾಯ್ತು."

ಅಪ್ಪ ಒಂದು ಮಾತಿನಲ್ಲಿ ಹೂಂ ಅಂದುಬಿಡಬಹುದಿತ್ತು. ಅವ್ವ ಹಾಗೆಯೇ ಆಗುತ್ತದೆ ಎಂದುಕೊಂಡು ನನ್ನ ಜಡೆ ಸರಿಮಾಡುತ್ತಿದ್ದಳು. ಅಪ್ಪ ಚಿತ್ರದ ಮುಂದೆ ಬಂದು ನಿಂತ.

"ಆ ಕೆಂಪು ನನಗ ಕಾಣೂದಿಲ್ರಿ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

"ಖರೇನ ಹೇಳತೀನಿ. ನನಗ ಕೆಂಪು, ಹಸರು ಎರಡೂ ಒಂದ. ಆವತ್ತಿಂದು ಮೊದಲನೇ ಕೈ ಅಲ್ಲ, ನಾ ತಪ್ಪ ಹಚ್ಚಿದ್ದೆ. ಈ ಚಿತ್ರದಾಗ ಗೆರಿ ಅಷ್ಟ ನಂದು. ಬಣ್ಣ ಎಲ್ಲಾ ಈಕೀದು."

ಅಪ್ಪನ ಕೈ ಅವ್ವನ ಕಡೆ ಚಾಚಿತ್ತು. ಹೊರಗಿನವರ ಮುಂದೆ ಅವನು ಅವಳ ಬಗ್ಗೆ ಮಾತಾಡಿದ್ದನ್ನೇ ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಜಡೆ ಹಿಡಿದಿದ್ದ ಅವಳ ಕೈ ಬಿಗಿಯಾಗಿ ನನಗೆ ನೋವಾಯಿತು. ಜಲಜಕ್ಕ, "ಅಯ್ಯೋ ದೇವರೇ, ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನಮ್ಗೆ ಗೊತ್ತೇ ಇಲ್ಲ ಅಲ್ವಾ" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಧಣಿಗಳು ಅಪ್ಪನನ್ನು ಒಮ್ಮೆ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ ಕೈ ಮುಗಿದರು.

"ಹಾಗಾದ್ರೆ ಅಕ್ಕ, ಊಟಕ್ಕೆ ಕೂರುವ ಮೊದಲು ನೀವೇ ಹೇಳಿ. ಈ ಗೋಡೆಗೆ ಯಾವ ಬಣ್ಣ ಹೊಡೆಸುವ? ಪೇಂಟರ್ ಬಿಳಿ ಅಂತಾನೆ."

ಅವ್ವ ಸೆರಗು ಎಳೆದುಕೊಂಡು ಜಲಜಕ್ಕನ ಹಿಂದೆ ಸರಿಯುತ್ತಾಳೆ ಎಂದುಕೊಂಡಿದ್ದೆ. ಸರಿಯಲಿಲ್ಲ. ಗೋಡೆಯ ಹತ್ತಿರ ಹೋಗಿ, ಕಿಟಕಿಯ ಬೆಳಕು ಎಲ್ಲಿಂದ ಬೀಳುತ್ತದೆ ಎಂದು ನೋಡಿ, ನಾಲ್ಕೂ ಚಿತ್ರಗಳ ಮುಂದೆ ನಿಧಾನವಾಗಿ ನಡೆದಳು.

"ಬಿಳಿ ಬ್ಯಾಡ್ರಿ. ಬಿಳಿ ಬಳದ್ರ ಆ ನೀಲಿ ಒದರತೈತಿ. ಹಳೇ ಹತ್ತಿ ಬಣ್ಣ ಇರತೈತಲ್ರಿ, ಒಗದ ಒಗದ ಮೆತ್ತಗಾದ ಪಂಚಿ ಬಣ್ಣ, ಅದನ್ನ ಬಳಸ್ರಿ."

ಪೇಂಟರನಿಗೆ ತೋರಿಸಲೆಂದು ಧಣಿಗಳು ತಾವು ಉಟ್ಟ ಪಂಚೆಯ ಚುಂಗನ್ನೇ ಹಿಡಿದು, ಇಷ್ಟಾ, ಇದಕ್ಕಿಂತ ಹಳತಾ ಎಂದು ಕೇಳಿದರು. ಎಲ್ಲರೂ ನಗುತ್ತ ಊಟಕ್ಕೆ ಕೂತೆವು.

ಶೆಟ್ಟರ ಮನೆಯವರು ಅಲ್ಲೇ ಉಳಿದರು, ನಾವು ವಾಪಸು ಬರುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಅಪ್ಪ, ಅವ್ವ ಯಾವಾಗಲೂ ಲೋಕಲ್ಲಿನಲ್ಲಿ ಬೇರೆ ಬೇರೆ ಡಬ್ಬಿ ಹತ್ತುವವರು; ಅವ್ವ, ನಾನು ಹೆಂಗಸರದ್ದು, ಅಪ್ಪ ಗಂಡಸರದ್ದು. ಅವತ್ತು ಕಲ್ಯಾಣದ ಸ್ಲೋ ಗಾಡಿ ಖಾಲಿ ಇತ್ತು. ಅಪ್ಪ ಅವ್ವನನ್ನು ತನ್ನ ಡಬ್ಬಿಗೇ ಹತ್ತಿಸಿಕೊಂಡು ಕಿಟಕಿಯ ಪಕ್ಕ ಕೂರಿಸಿದ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನು ಎದುರಿಗೆ ಕೂತ. ಕಳವಾ ದಾಟಿತು. ಮುಂಬ್ರಾದ ಹತ್ತಿರ ಒಂದು ಕಡೆ ಸಮುದ್ರದಿಂದ ಒಳಬಂದ ಖಾಡಿಯ ನೀರು, ಇನ್ನೊಂದು ಕಡೆ ಹಳಿಯವರೆಗೂ ಇಳಿದುಬಂದ ಗುಡ್ಡ. ಅಪ್ಪ ಆ ಗುಡ್ಡವನ್ನು ದಿನಾ ಎರಡು ಸಲ ನೋಡುವವನು. ಮುಂದಕ್ಕೆ ಬಾಗಿ ಅವ್ವನನ್ನು ಕೇಳಿದ.

"ಅದು ಈಗ ಹೆಂಗ ಐತಿ?"

ಅವ್ವ ಅಕ್ಕಪಕ್ಕ ನೋಡಿದಳು. ಒಬ್ಬ ಮುದುಕ ನಿದ್ದೆ ಹೋಗಿದ್ದ, ಇನ್ನಿಬ್ಬರು ಇಸ್ಪೀಟಿನಲ್ಲಿದ್ದರು. ದನಿ ತಗ್ಗಿಸಿ ಶುರುಮಾಡಿದಳು.

"ಮಳಿಗಾಲದ ಹಸರ ಹೋಗಾಕತ್ತೈತ್ರಿ. ತುದಿಗೆ ಹುಲ್ಲ ಒಣಗಿ ಜೋಳದ ಕಣಕಿ ಬಣ್ಣ ಬಂದೈತಿ. ನಡುವ ನೀರ ಹರದ ಜಾಗಾದಾಗ ಮಾತ್ರ ಇನ್ನೂ ಎಳೇ ಹಸರ ಐತಿ, ಕೊತ್ತಂಬರಿದು ಇರತೈತಲ್ಲ, ಅಂಥಾದ್ದು. ಬಂಡಿಗಲ್ಲು ಕರೇವಲ್ಲ, ಹೊಗಿ ಬಡದ ಗ್ವಾಡಿಗತೆ ಅದಾವು."

"ಮತ್ತ?"

"ಮತ್ತ ಏನ್ರಿ, ಇಷ್ಟ."

"ಇಷ್ಟ ಹೆಂಗಾದೀತು? ಹೇಳು," ಎಂದ ಅಪ್ಪ. "ಡೊಂಬಿವಲಿ ಇನ್ನೂ ದೂರ ಐತಿ."